ಗುಳೆ ಹೋಗುವಾಗ ಬೈಕ್ ಎಲ್ಲಿ ನಿಲ್ಲಿಸಬೇಕು? ಫಾರ್ವರ್ಡ್‌ಗಳಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು?

"ಬೈಕ್ ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಸುತ್ತಿಡಿ", "ಬೇಸಿಗೆಯಲ್ಲಿ ಟ್ಯಾಂಕ್ ಫುಲ್ ಮಾಡಿದರೆ ಸ್ಫೋಟವಾಗುತ್ತದೆ", "ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಬ್ಯಾಟರಿ ಕೆಡುವುದಿಲ್ಲ", "ಈಗಿನ ಪೆಟ್ರೋಲ್ ಹದಿನೈದು ದಿನದಲ್ಲಿ ನೀರಾಗುತ್ತದೆ". ಇಂಥ ಸಂದೇಶಗಳು ನಿಮ್ಮ ವಾಟ್ಸ್ಆ್ಯಪ್‌ಗೂ ಬಂದಿರಬಹುದು. ಇವುಗಳಲ್ಲಿ ಯಾವುದನ್ನು ನಂಬಬೇಕು?

ಮಹಾರಾಷ್ಟ್ರದ ಗಡಿಗೆ ತಾಗಿರುವ ಆಳಂದ ತಾಲೂಕಿನ ಸರಸಂಬಾ, ಅದರಾಚೆಯ ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಊರುಗಳಲ್ಲಿ ಈ ಪ್ರಶ್ನೆ ಪ್ರತಿ ವರ್ಷ ಏಳುತ್ತದೆ. ತೊಗರಿ ರಾಶಿ ಮುಗಿದು ಹೊಲದಲ್ಲಿ ಕೆಲಸ ಕಡಿಮೆಯಾದ ಮೇಲೆ ಎಷ್ಟೋ ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದ್, ಬೆಂಗಳೂರಿಗೆ ದುಡಿಯಲು ಹೋಗುತ್ತವೆ. ಮರಳುವುದು ಮುಂಗಾರಿನ ಹೊತ್ತಿಗೆ. ಅಷ್ಟು ದಿನ ಬೈಕ್ ಊರಲ್ಲೇ ನಿಂತಿರುತ್ತದೆ. ಸಾಲ ಮಾಡಿ ತಂದ ಗಾಡಿ ಮೂರ್ನಾಲ್ಕು ತಿಂಗಳು ನಿಂತು ಕೆಟ್ಟರೆ, ದುಡಿದು ತಂದ ಹಣದಲ್ಲಿ ಒಂದಷ್ಟು ಗ್ಯಾರೇಜಿಗೇ ಹೋಗುತ್ತದೆ. ನಿಲ್ಲಿಸಿದ ಜಾಗ ತಪ್ಪಾಗಿದ್ದರೆ ಮನೆಯಲ್ಲಿ ಉಳಿದವರ ಜೀವಕ್ಕೂ ಅಪಾಯವಿದೆ.

ಚುಟುಕು ಉತ್ತರ

ಬೈಕನ್ನು ಮಳೆ ಮತ್ತು ನೇರ ಬಿಸಿಲು ತಾಗದ, ನೆಲ ಒಣಗಿರುವ, ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ. ಅಡುಗೆ ಮಾಡುವ ಅಥವಾ ಜನ ಮಲಗುವ ಕೋಣೆಯಲ್ಲಿ ಬೇಡ. ದನದ ಕೊಟ್ಟಿಗೆ, ಗೊಬ್ಬರದ ಚೀಲ ಮತ್ತು ಮೇವಿನ ಬಣವೆಯ ಪಕ್ಕದಲ್ಲೂ ಬೇಡ. ಬ್ಯಾಟರಿಯ ಮೈನಸ್ ವಯರ್ ಬಿಚ್ಚಿಡಿ. ಮುಚ್ಚಿದ ಕೋಣೆಯೊಳಗೆ ಎಂಜಿನ್ ಎಂದೂ ಸ್ಟಾರ್ಟ್ ಮಾಡಬೇಡಿ. ಇದಕ್ಕೆಲ್ಲ ಕಾರಣ ಮುಂದಿದೆ.

ನಮ್ಮಲ್ಲಿ ಚಳಿ ಶತ್ರುವಲ್ಲ

ಅಂತರ್ಜಾಲದಲ್ಲಿ ಸಿಗುವ "ಚಳಿಗಾಲದಲ್ಲಿ ಬೈಕ್ ಜೋಪಾನ" ಎಂಬ ಸಲಹೆಗಳಲ್ಲಿ ಹೆಚ್ಚಿನವು ಯುರೋಪ್, ಅಮೆರಿಕ, ಕೆನಡಾದಂಥ ದೇಶಗಳಿಂದ ಬಂದವು. ಅಲ್ಲಿ ಹಿಮ ಬೀಳುತ್ತದೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಹಾಕುತ್ತಾರೆ. ಎಂಜಿನ್ ತಂಪು ಮಾಡುವ ನೀರು ಹೆಪ್ಪುಗಟ್ಟುತ್ತದೆ. ಹೀಗಾಗಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಬೈಕನ್ನು ಒಳಗೆ ನಿಲ್ಲಿಸುವುದು ಅಲ್ಲಿ ವಾಡಿಕೆ.

ಕಲಬುರಗಿ ಜಿಲ್ಲೆಯ ಕಥೆ ಬೇರೆ. ಇಲ್ಲಿ ಚಳಿಗಾಲದ ರಾತ್ರಿಯಲ್ಲೂ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳುವುದಿಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ಮಾತ್ರ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಕಾದ ತಗಡಿನ ಕೆಳಗೆ ಅದಕ್ಕಿಂತಲೂ ಹೆಚ್ಚು. ರಾಸಾಯನಿಕ ಕ್ರಿಯೆಗಳು ಚಳಿಯಲ್ಲಿ ನಿಧಾನವಾಗುತ್ತವೆ, ಬಿಸಿಯಲ್ಲಿ ಚುರುಕಾಗುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಬ್ಯಾಟರಿ ತಾನಾಗಿಯೇ ಖಾಲಿಯಾಗುವ ವೇಗ ಸುಮಾರು ಎರಡು ಪಟ್ಟಾಗುತ್ತದೆ. ಪೆಟ್ರೋಲ್ ಆವಿಯಾಗುವುದು, ರಬ್ಬರ್ ಬಿರಿಯುವುದು, ಸೀಟಿನ ರೆಕ್ಸಿನ್ ಗಟ್ಟಿಯಾಗುವುದು ಎಲ್ಲವೂ ಬಿಸಿಲಿನಲ್ಲೇ ಹೆಚ್ಚು.

ಆದ್ದರಿಂದ ನಮ್ಮ ಗಾಡಿಗಳ ನಿಜವಾದ ಶತ್ರುಗಳು ನಾಲ್ಕು: ಬಿಸಿಲು, ತೇವ, ಇಲಿ ಮತ್ತು ಬೆಂಕಿ. ಜಾಗ ಆರಿಸುವಾಗ ಈ ನಾಲ್ಕನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ.

ಎಲ್ಲಿ ನಿಲ್ಲಿಸಬೇಕು?

*ಪಡಸಾಲೆ:* ಮೇಲೆ ಚಾವಣಿ, ಕೆಳಗೆ ಶಹಾಬಾದ ಕಲ್ಲು ಅಥವಾ ಸಿಮೆಂಟಿನ ನೆಲ, ಒಂದು ಕಡೆ ಗಾಳಿ. ಮಳೆಯ ಎರಚಲು ಬಾರದಿದ್ದರೆ ಇದು ಬಹುತೇಕ ಒಳ್ಳೆಯ ಜಾಗ. ಕಳ್ಳತನದ ಭಯವಿದ್ದರೆ ಹ್ಯಾಂಡಲ್ ಲಾಕ್ ಜೊತೆ ಚಕ್ರಕ್ಕೆ ಸರಪಳಿ ಹಾಕಿ, ಕಂಬಕ್ಕೋ ಕಿಟಕಿಯ ಸರಳಿಗೋ ಬೀಗ ಜಡಿಯಿರಿ.

*ಬೇರೆಯಾದ ಖಾಲಿ ಕೋಣೆ:* ಬೀಗ ಹಾಕಬಹುದು, ನೆರಳಿದೆ. ಆದರೆ ಗಾಳಿಯಾಡಲು ಕಿಟಕಿ ಅಥವಾ ಬಾಗಿಲ ಕೆಳಗೆ ಸಂದು ಇರಲೇಬೇಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ನೆಲದ ಮಟ್ಟದಲ್ಲಿ ಹರಡಿ ನಿಲ್ಲುತ್ತದೆ. ಹಾಗಾಗಿ ಎತ್ತರದ ಗವಾಕ್ಷಿ ಒಂದೇ ಸಾಲದು.

*ಅಡುಗೆಮನೆ ಅಥವಾ ಮಲಗುವ ಕೋಣೆ:* ಬೇಡ. ಎರಡೇ ಕೋಣೆಯ ಮನೆಗಳಲ್ಲಿ ಕಳ್ಳರ ಭಯಕ್ಕೆ ಗಾಡಿಯನ್ನು ಒಳಗೇ ತಂದು ನಿಲ್ಲಿಸುವುದುಂಟು. ಮಕ್ಕಳು ದುಡಿಯಲು ಹೋಗಿರುತ್ತಾರೆ, ಮನೆಯಲ್ಲಿ ಅಪ್ಪ-ಅವ್ವ ಅದೇ ಕೋಣೆಯಲ್ಲಿ ಒಲೆ ಹಚ್ಚುತ್ತಾರೆ. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಸೆಕೆಯಲ್ಲಿ ಪೈಪಿನಿಂದ ಹನಿ ಸೋರಿದರೂ ಆವಿ ನೆಲದ ಮೇಲೆ ಹರಿದು ಒಲೆಯವರೆಗೆ ಹೋಗಬಲ್ಲದು. ಬೇರೆ ದಾರಿಯೇ ಇಲ್ಲವಾದರೆ, ಹೊರಡುವ ಮೊದಲು ಗ್ಯಾರೇಜಿನಲ್ಲಿ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಿ. ಒಂದು ದಿನ ಬಯಲಿನಲ್ಲಿ ನಿಲ್ಲಿಸಿ, ವಾಸನೆ ಹೋದ ಮೇಲೆ ಒಳಗೆ ತನ್ನಿ.

*ದನದ ಕೊಟ್ಟಿಗೆ:* ಬೇಡ. ಗಂಜಲದಲ್ಲಿರುವ ಯೂರಿಯಾ ಒಡೆದು ಅಮೋನಿಯಾ ಅನಿಲವಾಗುತ್ತದೆ. ಕೊಟ್ಟಿಗೆಯಲ್ಲಿ ಮೂಗಿಗೆ ಬಡಿಯುವ ಘಾಟು ಅದೇ. ತೇವದ ಜೊತೆ ಸೇರಿದ ಅಮೋನಿಯಾ ತಾಮ್ರ ಮತ್ತು ಹಿತ್ತಾಳೆಯನ್ನು ತಿನ್ನುತ್ತದೆ. ಬೈಕಿನ ವಯರ್, ಕನೆಕ್ಟರ್, ಸ್ವಿಚ್ ಒಳಗಿರುವುದು ಇವೇ ಲೋಹಗಳು. ಹೊರಗಿನಿಂದ ಗಾಡಿ ಚೆನ್ನಾಗಿಯೇ ಕಾಣುತ್ತದೆ, ಆದರೆ ಹಾರ್ನ್ ಕೂಗುವುದಿಲ್ಲ, ಸೆಲ್ಫ್ ಎತ್ತುವುದಿಲ್ಲ.

*ಗೊಬ್ಬರದ ಚೀಲಗಳ ಕೋಣೆ:* ಬೇಡ. ಪೊಟ್ಯಾಷ್ ಎಂದು ನಾವು ಕರೆಯುವ ಗೊಬ್ಬರ ಒಂದು ಬಗೆಯ ಉಪ್ಪೇ. ಯೂರಿಯಾ ಮಳೆಗಾಲದ ಗಾಳಿಯಿಂದ ನೀರು ಹೀರಿ ಒದ್ದೆಯಾಗುತ್ತದೆ. ಇವುಗಳ ಪುಡಿ ಚೈನ್, ರಿಮ್, ಕಡ್ಡಿಗಳ ಮೇಲೆ ಕುಳಿತರೆ ತುಕ್ಕು ಬೇಗ ಹಿಡಿಯುತ್ತದೆ.

*ಮೇವಿನ ಬಣವೆ, ಹೊಟ್ಟಿನ ಕೋಣೆಯ ಪಕ್ಕ:* ಬೇಡ. ಕಣಕಿ ಅಥವಾ ತೊಗರಿ ಹೊಟ್ಟಿಗೆ ಬೆಂಕಿ ಬಿದ್ದರೆ ಗಾಡಿ ಉಳಿಯುವುದಿಲ್ಲ, ಗಾಡಿಯಿಂದ ಬೆಂಕಿ ಎದ್ದರೆ ಮೇವು ಉಳಿಯುವುದಿಲ್ಲ. ಇಲಿಗಳೂ ಅಲ್ಲೇ ಇರುತ್ತವೆ.

*ತಗಡಿನ ಶೆಡ್:* ಮಳೆಗೆ ಸರಿ, ಬೇಸಿಗೆಗೆ ಕಷ್ಟ. ಬೇರೆ ಜಾಗವಿಲ್ಲದಿದ್ದರೆ ಎರಡು ಕಡೆ ಗಾಳಿಗೆ ತೆರೆದಿಡಿ. ತಗಡಿನ ಮೇಲೆ ಕಣಕಿ ಹೊದಿಸಿದರೆ ತಂಪಾದೀತು, ಆದರೆ ಅದು ಬೆಂಕಿಗೆ ದಾರಿ. ಅದರ ಬದಲು ತಗಡಿಗೆ ಹೊರಗಿನಿಂದ ಸುಣ್ಣ ಬಳಿದರೆ ಬಿಸಿಲು ಪ್ರತಿಫಲಿಸಿ ಒಳಗಿನ ಕಾವು ಇಳಿಯುತ್ತದೆ.

*ಮರದ ನೆರಳು:* ಒಂದೆರಡು ದಿನಕ್ಕೆ ಸರಿ, ತಿಂಗಳುಗಟ್ಟಲೆಗೆ ಅಲ್ಲ. ನೆರಳು ಸರಿಯುತ್ತದೆ, ಹಕ್ಕಿಯ ಹಿಕ್ಕೆ ಬಣ್ಣ ಕೆಡಿಸುತ್ತದೆ, ಮುಂಗಾರು ಪೂರ್ವದ ಗಾಳಿ-ಮಳೆಗೆ ಕೊಂಬೆ ಮುರಿದು ಬೀಳುತ್ತದೆ.

*ನಿಲ್ದಾಣದ ಪಾರ್ಕಿಂಗ್ ಸ್ಟ್ಯಾಂಡ್:* ದಿನದ ಲೆಕ್ಕದ ಬಾಡಿಗೆ ತಿಂಗಳಾದರೆ ದೊಡ್ಡ ಮೊತ್ತವಾಗುತ್ತದೆ. ಹಲವು ಸ್ಟ್ಯಾಂಡ್‌ಗಳಲ್ಲಿ ಮೇಲೆ ಚಾವಣಿಯೂ ಇರುವುದಿಲ್ಲ. ಅದಕ್ಕಿಂತ ಪರಿಚಯದ ಮೆಕ್ಯಾನಿಕ್ ಅಥವಾ ಸಂಬಂಧಿಕರ ಮನೆ ಮೇಲು.

ನಂಬಿಕೆ 1: ಬೇಸಿಗೆಯಲ್ಲಿ ಟ್ಯಾಂಕ್ ಫುಲ್ ಮಾಡಿದರೆ ಸ್ಫೋಟವಾಗುತ್ತದೆ

ಸುಳ್ಳು. ಇಂಡಿಯನ್ ಆಯಿಲ್ ಕಂಪನಿಯ ಹೆಸರು ಹಾಕಿ ಈ ಸಂದೇಶ ಪ್ರತಿ ಬೇಸಿಗೆಯಲ್ಲೂ ಸುತ್ತುತ್ತದೆ. ಕಂಪನಿಯೇ ಇದನ್ನು ಅಲ್ಲಗಳೆದಿದೆ. ಕಿಡಿ ಇಲ್ಲದೆ ಪೆಟ್ರೋಲ್ ತಾನಾಗಿಯೇ ಹೊತ್ತಿಕೊಳ್ಳಬೇಕಾದರೆ ಸುಮಾರು 250 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಉಷ್ಣತೆ ಬೇಕು. ನಮ್ಮ ಎಂಥ ಬಿಸಿಲೂ ಅದರ ಹತ್ತಿರಕ್ಕೆ ಬರುವುದಿಲ್ಲ.

ಆದರೆ ಪೆಟ್ರೋಲ್ ಹಿಗ್ಗುವುದು ನಿಜ. ಒಂದು ಡಿಗ್ರಿಗೆ ಸುಮಾರು ಸಾವಿರದಲ್ಲಿ ಒಂದು ಪಾಲು. ಅಂದರೆ 10 ಲೀಟರ್ ಪೆಟ್ರೋಲ್ 20 ಡಿಗ್ರಿ ಹೆಚ್ಚು ಬಿಸಿಯಾದರೆ ಸುಮಾರು 200 ಮಿಲಿಲೀಟರ್ ಹಿಗ್ಗುತ್ತದೆ, ಒಂದು ದೊಡ್ಡ ಲೋಟದಷ್ಟು. ಮುಚ್ಚಳದ ಕುತ್ತಿಗೆಯವರೆಗೆ ತುಂಬಿಸಿ ಬಿಸಿಲಿಗೆ ನಿಲ್ಲಿಸಿದರೆ ಅಷ್ಟು ಹೊರಗೆ ಚೆಲ್ಲಬಹುದು. ಅದಕ್ಕೇ ಕುತ್ತಿಗೆಗಿಂತ ಕೆಳಗೆ ನಿಲ್ಲಿಸಬೇಕು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಫಾರ್ವರ್ಡ್ ಇಲ್ಲದ ಅಪಾಯ ತೋರಿಸಿ, ಇರುವ ಅಪಾಯ ಮರೆಸುತ್ತದೆ. ಟ್ಯಾಂಕ್ ಅರ್ಧ ಮಾಡಿದೆವೆಂದು ಧೈರ್ಯವಾಗಿ ಒಲೆಯ ಪಕ್ಕ ಗಾಡಿ ನಿಲ್ಲಿಸುವುದು, ಫುಲ್ ಟ್ಯಾಂಕ್ ಗಾಡಿಯನ್ನು ಪಡಸಾಲೆಯಲ್ಲಿ ನಿಲ್ಲಿಸುವುದಕ್ಕಿಂತ ಬಹಳ ಅಪಾಯಕಾರಿ.

ನಂಬಿಕೆ 2: ಎಥನಾಲ್ ಪೆಟ್ರೋಲ್ ಹದಿನೈದು ದಿನದಲ್ಲಿ ನೀರಾಗುತ್ತದೆ

ಅರ್ಧ ಸತ್ಯ. ಪೆಟ್ರೋಲಿಗೆ ಬೆರೆಸುವ ಎಥನಾಲ್ ಕಬ್ಬಿನ ರಸ, ಕಾಕಂಬಿ, ಮೆಕ್ಕೆಜೋಳ, ಅಕ್ಕಿಯಿಂದ ತಯಾರಾಗುತ್ತದೆ. ಕಬ್ಬು ಬೆಳೆಯುವ ಅಫಜಲಪುರ, ಆಳಂದದ ರೈತರಿಗೆ ಇದು ಹೊಸ ವಿಷಯವಲ್ಲ. ಶೇ 20ರಷ್ಟು ಎಥನಾಲ್ ಇರುವ ಇ20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನಲ್ಲಿ.

ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ ಎಂಬುದು ನಿಜ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಆಗ ಎಂಜಿನ್‌ಗೆ ಮೊದಲು ಹೋಗುವುದು ಅದೇ ಮಿಶ್ರಣ. ಗಾಡಿ ಸ್ಟಾರ್ಟ್ ಆಗುವುದಿಲ್ಲ, ಟ್ಯಾಂಕಿನ ತಳ ತುಕ್ಕು ಹಿಡಿಯುತ್ತದೆ.

ಆದರೆ ಆ ಮಿತಿ ದಾಟುವಷ್ಟು ನೀರು ಗಾಳಿಯಿಂದ ಬರುತ್ತದೆಯೇ? ಲೆಕ್ಕ ಹಾಕಿ ನೋಡೋಣ. ಶೇ 10ರಷ್ಟು ಎಥನಾಲ್ ಇರುವ ಪೆಟ್ರೋಲೇ ಒಂದು ಲೀಟರಿಗೆ ಸುಮಾರು 5 ಮಿಲಿಲೀಟರ್ ನೀರನ್ನು ಕರಗಿಸಿಕೊಂಡು ಇರಬಲ್ಲದು. ಇ20ಯ ಶಕ್ತಿ ಅದಕ್ಕಿಂತ ಹೆಚ್ಚು. ಇತ್ತ, 30 ಡಿಗ್ರಿಯಲ್ಲಿ ತೇವ ತುಂಬಿದ ಒಂದು ಲೀಟರ್ ಗಾಳಿಯಲ್ಲಿರುವ ನೀರು ಒಂದು ಗ್ರಾಂನ ನೂರರಲ್ಲಿ 3 ಪಾಲು ಮಾತ್ರ. ಟ್ಯಾಂಕಿನಲ್ಲಿ 5 ಲೀಟರ್ ಖಾಲಿ ಜಾಗವಿದ್ದು, ಹಗಲು-ರಾತ್ರಿಯ ಏರಿಳಿತದಲ್ಲಿ ದಿನಕ್ಕೆ ಕಾಲು ಲೀಟರ್ ಗಾಳಿ ಒಳಗೆ-ಹೊರಗೆ ಆಡಿದರೂ, 100 ದಿನಕ್ಕೆ ಸೇರುವ ನೀರು ಒಂದು ಗ್ರಾಂ ಕೂಡ ಆಗುವುದಿಲ್ಲ. ಅದರ ಕೆಲವು ಪಟ್ಟು ಸೇರಿದರೂ ತೊಂದರೆಯಿಲ್ಲ.

ಹಾಗಾದರೆ ಟ್ಯಾಂಕಿಗೆ ನೀರು ಬರುವುದೆಲ್ಲಿಂದ? ಬಹುತೇಕ ಮುಚ್ಚಳದಿಂದ. ರಬ್ಬರ್ ವಾಷರ್ ಹಳೆಯದಾಗಿದ್ದರೆ ಅಥವಾ ಮುಚ್ಚಳದ ಸುತ್ತ ನೀರು ಹೊರಹೋಗುವ ಸಣ್ಣ ರಂಧ್ರ ಮಣ್ಣಿನಿಂದ ಮುಚ್ಚಿದ್ದರೆ, ಒಂದೇ ಮಳೆಗೆ ಚಮಚಗಟ್ಟಲೆ ನೀರು ಒಳಗಿಳಿಯುತ್ತದೆ. ಆದ್ದರಿಂದ ಎಥನಾಲ್‌ಗೆ ಹೆದರುವುದಕ್ಕಿಂತ ಚಾವಣಿ ಮತ್ತು ವಾಷರ್ ಕಡೆ ಗಮನ ಕೊಡಿ.

ಪೆಟ್ರೋಲ್ ಹಳತಾಗುವುದು ಬೇರೆ ವಿಷಯ. ಅದರಲ್ಲಿರುವ ಹಗುರ ಅಂಶಗಳು ಮೊದಲು ಹಾರಿಹೋಗುತ್ತವೆ, ಉಳಿದದ್ದು ಗಾಳಿಯೊಡನೆ ಬೆರೆತು ಕ್ರಮೇಣ ಅಂಟಾಗುತ್ತದೆ. ಮುಚ್ಚಿದ ಟ್ಯಾಂಕಿನಲ್ಲಿ, ನೆರಳಿನಲ್ಲಿ, ಎರಡು-ಮೂರು ತಿಂಗಳಿಗೆ ಸಾಮಾನ್ಯವಾಗಿ ತೊಂದರೆಯಾಗದು. ಆದರೆ ಕಾರ್ಬೋರೇಟರಿನ ಬಟ್ಟಲಿನಲ್ಲಿ ಇರುವ ಪೆಟ್ರೋಲ್ ಅತಿ ಕಡಿಮೆ. ಅದು ಬೇಗ ಒಣಗಿ ಅಂಟು ಉಳಿಸಿ, ಜೆಟ್‌ನ ಕೂದಲೆಳೆಯಂಥ ರಂಧ್ರ ಮುಚ್ಚುತ್ತದೆ. ಹಳೆಯ ಗಾಡಿಗಳು ನಿಂತು ಕೆಡುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ನಂಬಿಕೆ 3: ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿದರೆ ಸಾಕು

ಲಾಭಕ್ಕಿಂತ ನಷ್ಟ ಹೆಚ್ಚು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಓಡುವ ಗಾಡಿಯಲ್ಲಿ ಸೈಲೆನ್ಸರ್ ಚೆನ್ನಾಗಿ ಕಾದು ಈ ನೀರು ಹಬೆಯಾಗಿ ಹೊರಹೋಗುತ್ತದೆ. ನಿಂತಲ್ಲೇ ಐದು ನಿಮಿಷ ಓಡಿಸಿದರೆ ಅದು ಒಳಗೇ ಹನಿಗಟ್ಟಿ ಉಳಿಯುತ್ತದೆ. ಒಂದಿಷ್ಟು ಎಂಜಿನ್ ಆಯಿಲ್‌ಗೂ ಸೇರುತ್ತದೆ. ಸೆಲ್ಫ್ ಹೊಡೆಯಲು ಬ್ಯಾಟರಿ ಕೊಟ್ಟ ಕರೆಂಟ್ ಕೂಡ ಅಷ್ಟು ಹೊತ್ತಿನಲ್ಲಿ ಪೂರ್ತಿ ಮರಳುವ ಭರವಸೆಯಿಲ್ಲ.

ಊರಲ್ಲಿ ಲೈಸೆನ್ಸ್ ಇರುವ ತಮ್ಮನೋ ಕಾಕಾನೋ ಇದ್ದರೆ, ಎರಡು-ಮೂರು ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಲು ಹೇಳಿ. ಯಾರೂ ಇಲ್ಲದಿದ್ದರೆ ಸ್ಟಾರ್ಟ್ ಮಾಡದೆ ಹಾಗೇ ಬಿಡುವುದೇ ಒಳ್ಳೆಯದು.

ಇಲ್ಲಿ ಜೀವದ ಪ್ರಶ್ನೆಯೂ ಇದೆ. ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮುಚ್ಚಿದ ಕೋಣೆಯಲ್ಲಿ ಗಾಡಿ ಸ್ಟಾರ್ಟ್ ಮಾಡಿ ನಿಂತರೆ ಮೊದಲು ತಲೆನೋವು, ತಲೆಸುತ್ತು, ವಾಂತಿ ಬಂದಂತಾಗುವುದು, ಆಮೇಲೆ ಎಚ್ಚರ ತಪ್ಪುವುದು. ಯಾರಿಗಾದರೂ ಹೀಗಾದರೆ ಕೂಡಲೇ ಬಯಲಿನ ಗಾಳಿಗೆ ಕರೆತಂದು 108ಕ್ಕೆ ಕರೆ ಮಾಡಿ. ನಿಮ್ಮ ಮಕ್ಕಳಿಗೂ, ಮನೆಯ ಹಿರಿಯರಿಗೂ ಇದನ್ನು ತಿಳಿಸಿ: ಗಾಡಿಯನ್ನು ಮೊದಲು ಹೊರಗೆ ತಳ್ಳಬೇಕು, ಆಮೇಲೆ ಸ್ಟಾರ್ಟ್ ಮಾಡಬೇಕು.

ನಂಬಿಕೆ 4: ಬ್ಯಾಟರಿ ಬಿಚ್ಚಿ ಸಿಮೆಂಟ್ ನೆಲದ ಮೇಲಿಟ್ಟರೆ ಖಾಲಿಯಾಗುತ್ತದೆ

ಈಗಿನ ಬ್ಯಾಟರಿಗಳಿಗೆ ಇದು ಸುಳ್ಳು. ಇವುಗಳ ಪೆಟ್ಟಿಗೆ ಪ್ಲಾಸ್ಟಿಕ್‌ನದು, ಅದರ ಮೂಲಕ ನೆಲಕ್ಕೆ ಕರೆಂಟ್ ಇಳಿಯುವುದಿಲ್ಲ. ನೆಲದ ಮೇಲಿಡಿ, ಹಲಗೆಯ ಮೇಲಿಡಿ, ಎರಡೂ ಒಂದೇ. ಮಕ್ಕಳ ಕೈಗೆ ಸಿಗದಂತೆ ತಂಪಾದ ಜಾಗದಲ್ಲಿಟ್ಟರೆ ಸಾಕು.

ಬ್ಯಾಟರಿ ಖಾಲಿಯಾಗುವುದಕ್ಕೆ ಕಾರಣ ಎರಡು. ಒಂದು, ಅದು ತಾನಾಗಿಯೇ ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಇನ್ನೊಂದು, ಕೀ ತೆಗೆದ ಮೇಲೂ ಕೆಲವು ಗಾಡಿಗಳ ಗಡಿಯಾರ, ಕಳ್ಳತನ ತಡೆಯುವ ಅಲಾರ್ಮ್ ಮುಂತಾದವು ಚೂರು ಕರೆಂಟ್ ಎಳೆಯುತ್ತಲೇ ಇರುತ್ತವೆ. ಉದಾಹರಣೆಗೆ 1 ಮಿಲಿಆಂಪಿಯರ್ ಎಂದುಕೊಳ್ಳಿ. ತಿಂಗಳಿಗೆ 720 ಗಂಟೆ, ಅಂದರೆ 0.72 ಆಂಪಿಯರ್-ಅವರ್. ಬ್ಯಾಟರಿ 4 ಆಂಪಿಯರ್-ಅವರ್‌ನದಾದರೆ ನಾಲ್ಕು ತಿಂಗಳಲ್ಲಿ ಮುಕ್ಕಾಲು ಭಾಗದ ಹತ್ತಿರ ಇದರಿಂದಲೇ ಖಾಲಿ. ಖಾಲಿಯಾದ ಸೀಸ-ಆಮ್ಲದ ಬ್ಯಾಟರಿ ಹಾಗೇ ಉಳಿದರೆ ಒಳಗಿನ ಫಲಕಗಳ ಮೇಲೆ ಗಟ್ಟಿ ಹರಳು ಕಟ್ಟಿ, ಮತ್ತೆ ಚಾರ್ಜ್ ಹಿಡಿಯುವ ಶಕ್ತಿ ಕಳೆದುಕೊಳ್ಳುತ್ತದೆ.

ಪರಿಹಾರ ಸುಲಭ. ಪೂರ್ತಿ ಚಾರ್ಜ್ ಮಾಡಿಸಿ, ಮೈನಸ್ ವಯರ್ ಬಿಚ್ಚಿಡಿ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಮೈನಸ್ ಕೊನೆಗೆ. ಈ ಕ್ರಮ ತಪ್ಪಿದರೆ ಪಾನಾ ಗಾಡಿಯ ಚಾಸಿಗೆ ತಾಗಿ ಕಿಡಿ ಹಾರಬಹುದು. ಪೂರ್ತಿ ಚಾರ್ಜ್ ಆದ ಬ್ಯಾಟರಿ 12.6 ವೋಲ್ಟ್ ಅಥವಾ ಹೆಚ್ಚು ತೋರಿಸುತ್ತದೆ. 12.4ಕ್ಕಿಂತ ಕೆಳಗಿಳಿದರೆ ಚಾರ್ಜ್ ಬೇಕು ಎಂದರ್ಥ. ಗ್ಯಾರೇಜಿನಲ್ಲಿ ಮೀಟರ್ ಹಿಡಿದು ಕ್ಷಣದಲ್ಲಿ ಹೇಳುತ್ತಾರೆ.

ಎಲೆಕ್ಟ್ರಿಕ್ ಸ್ಕೂಟರ್ ಇದ್ದವರಿಗೆ ಒಂದು ಮಾತು: ಲಿಥಿಯಂ ಬ್ಯಾಟರಿಗೆ ಈ ನಿಯಮ ಬೇರೆ. ಅದನ್ನು ನೂರಕ್ಕೆ ನೂರು ತುಂಬಿಸಿಯೂ ಇಡಬಾರದು, ಪೂರ್ತಿ ಖಾಲಿಯೂ ಬಿಡಬಾರದು. ಅರ್ಧದಷ್ಟು ಚಾರ್ಜ್ ಇಟ್ಟು, ತಂಪಾದ ಜಾಗದಲ್ಲಿ ನಿಲ್ಲಿಸಿ, ಕಂಪನಿಯ ಪುಸ್ತಕದಲ್ಲಿ ಹೇಳಿದಂತೆ ಆಗಾಗ ನೋಡಿಸಬೇಕು.

ನಂಬಿಕೆ 5: ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಸುತ್ತಿದರೆ ತುಕ್ಕು ಹಿಡಿಯದು

ಸುಳ್ಳು. ಪ್ಲಾಸ್ಟಿಕ್ ಹೊರಗಿನ ನೀರು ತಡೆಯುತ್ತದೆ, ಒಳಗಿನ ತೇವ ಹೊರಹೋಗಲೂ ಬಿಡುವುದಿಲ್ಲ. ರಾತ್ರಿ ತಂಪಾದಾಗ ಒಳಮೈಯಲ್ಲಿ ಹನಿ ಕಟ್ಟಿ ಗಾಡಿಯ ಮೇಲೇ ಬೀಳುತ್ತದೆ. ಚಾವಣಿಯ ಕೆಳಗೆ ನಿಲ್ಲಿಸಿದರೆ ಹಳೆಯ ಹತ್ತಿ ಸೀರೆ ಅಥವಾ ಧೋತರ ಹೊದಿಸಿದರೆ ಸಾಕು. ಧೂಳು ತಡೆಯುತ್ತದೆ, ಗಾಳಿಯೂ ಆಡುತ್ತದೆ. ದಪ್ಪ ಕೌದಿ ಬೇಡ. ಅದು ತೇವ ಹಿಡಿಯುತ್ತದೆ, ಇಲಿಗೆ ಹಾಸಿಗೆಯಾಗುತ್ತದೆ. ಮಳೆಯ ಎರಚಲಿಗೆ ತಾಡಪತ್ರಿ ಕಟ್ಟಲೇಬೇಕಾದರೆ ಗಾಡಿಗೆ ಸುತ್ತಬೇಡಿ. ಒಂದು ಮೊಳ ದೂರದಲ್ಲಿ ಪರದೆಯಂತೆ ಕಟ್ಟಿ.

ತುಕ್ಕು ತಡೆಯಲೆಂದು ಗಾಡಿಗೆಲ್ಲ ಡೀಸೆಲ್ ಅಥವಾ ಸುಟ್ಟ ಆಯಿಲ್ ಹೊಡೆಯುವ ರೂಢಿಯೂ ಇದೆ. ಅದು ಟೈರ್, ರಬ್ಬರ್ ಪೈಪ್‌ಗಳನ್ನು ಕೆಡಿಸುತ್ತದೆ, ಧೂಳು ಅಂಟಿಸಿಕೊಳ್ಳುತ್ತದೆ. ಬ್ರೇಕಿಗೆ ತಾಗಿದರೆ ಬ್ರೇಕ್ ಹಿಡಿಯುವುದೇ ಇಲ್ಲ. ಮರಳಿ ಬಂದ ಮೊದಲ ದಿನವೇ ಅಪಘಾತಕ್ಕೆ ಅಷ್ಟು ಸಾಕು.

ಹೊರಡುವ ಮೊದಲು ಮಾಡಬೇಕಾದ್ದು

1. ಗಾಡಿ ತೊಳೆದು, ಅರ್ಧ ಗಂಟೆ ಓಡಿಸಿ ಪೂರ್ತಿ ಒಣಗಿಸಿ. ಮಡ್‌ಗಾರ್ಡ್ ಒಳಗೆ ಅಂಟಿದ ಎರೆಮಣ್ಣು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ, ಅದನ್ನು ತಪ್ಪದೆ ಕೆರೆದು ತೆಗೆಯಿರಿ.

2. ಎಂಜಿನ್ ಆಯಿಲ್ ಬದಲಿಸುವ ಸಮಯ ಹತ್ತಿರವಿದ್ದರೆ ಹೊರಡುವ ಮುನ್ನವೇ ಬದಲಿಸಿ. ಹಳೆಯ ಆಯಿಲ್‌ನಲ್ಲಿ ಸೇರಿದ ಆಮ್ಲ ಮತ್ತು ನೀರು ನಿಂತ ಎಂಜಿನ್ನಿಗೆ ಒಳ್ಳೆಯದಲ್ಲ.

3. ಪಡಸಾಲೆಯಲ್ಲಿ ಅಥವಾ ಬೇರೆ ಕೋಣೆಯಲ್ಲಿ ನಿಲ್ಲಿಸುವುದಾದರೆ, ಮೂರು-ನಾಲ್ಕು ತಿಂಗಳಿಗೆ ಹೊಸ ಪೆಟ್ರೋಲ್ ಟ್ಯಾಂಕಿನ ಮುಕ್ಕಾಲಿಗಿಂತ ಹೆಚ್ಚು ತುಂಬಿಸಿ, ಕುತ್ತಿಗೆಗಿಂತ ಕೆಳಗೆ ನಿಲ್ಲಿಸಿ. ಖಾಲಿ ಉಕ್ಕಿನ ಟ್ಯಾಂಕ್ ಒಳಗಿನಿಂದ ತುಕ್ಕು ಹಿಡಿಯುತ್ತದೆ. ಆರು ತಿಂಗಳು ದಾಟುವುದಾದರೆ ಗ್ಯಾರೇಜಿನಲ್ಲಿ ಖಾಲಿ ಮಾಡಿಸುವುದು ಮೇಲು.

4. ಕಾರ್ಬೋರೇಟರ್ ಇರುವ ಗಾಡಿಯಾದರೆ ಬಯಲಿನಲ್ಲಿ ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ. ಬಟ್ಟಲು ಖಾಲಿಯಾಗುತ್ತದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಬಹುತೇಕ ಫ್ಯೂಯೆಲ್ ಇಂಜೆಕ್ಷನ್ ಇದೆ. ಅವುಗಳಿಗೆ ಹೀಗೆ ಮಾಡಬೇಡಿ, ಪೆಟ್ರೋಲ್ ಪಂಪ್ ಒಣಗಿ ಓಡಿದರೆ ಕೆಡಬಹುದು.

5. ಚೈನ್ ಸ್ವಚ್ಛ ಮಾಡಿ ಗೇರ್ ಆಯಿಲ್ ಹಚ್ಚಿ.

6. ಟೈರಿಗೆ ಕಂಪನಿ ಹೇಳಿದಷ್ಟು ಗಾಳಿ ಪೂರ್ತಿ ತುಂಬಿಸಿ. ಗಾಳಿ ಇಳಿದ ಟೈರ್ ಒಂದೇ ಕಡೆ ಒತ್ತಿ ನಿಂತು ಚಪ್ಪಟೆಯಾಗುತ್ತದೆ. ಗಾಡಿಯನ್ನು ಡಬಲ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ. ನೆಲ ಮಣ್ಣಿನದಾದರೆ ಸ್ಟ್ಯಾಂಡ್ ಕೆಳಗೆ ಕಲ್ಲು ಅಥವಾ ಹಲಗೆ ಇಡಿ.

7. ಎಂಜಿನ್ ಆರಿದ ಮೇಲೆ ಸೈಲೆನ್ಸರ್ ಬಾಯಿಗೆ ಬಟ್ಟೆ ಕಟ್ಟಿ. ಇಲಿಯೂ, ಮಣ್ಣಿನ ಗೂಡು ಕಟ್ಟುವ ಕಣಜದ ಹುಳುವೂ ಒಳಗೆ ಸೇರುವುದಿಲ್ಲ. ಮರಳಿ ಬಂದಾಗ ಮರೆಯದಂತೆ ಕೀಲಿಗೆ ಒಂದು ಚೀಟಿ ಕಟ್ಟಿ.

8. ಸೀಟಿನ ಕೆಳಗೆ ಒರೆಸುವ ಬಟ್ಟೆ, ತಿಂಡಿಯ ಪೊಟ್ಟಣ, ಕಾಳು ಏನೂ ಇರದಂತೆ ನೋಡಿ. ಡಾಂಬರ್ ಗುಳಿಗೆ ಇಟ್ಟರೆ ಇಲಿ ಬರುವುದಿಲ್ಲ ಎಂದು ನೆಚ್ಚಿ ಕೂರಬೇಡಿ. ಮಕ್ಕಳು ನುಂಗಿದರೆ ಅದು ವಿಷ. ಸುತ್ತಮುತ್ತ ಕಾಳು, ಹೊಟ್ಟು ಇಲ್ಲದಂತೆ ನೋಡಿಕೊಳ್ಳುವುದೇ ಉತ್ತಮ ಉಪಾಯ.

ಭೀಮಾ ದಂಡೆಯ ಊರುಗಳಿಗೆ

2020ರ ಅಕ್ಟೋಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ತಾಲೂಕುಗಳ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಮಳೆಗಾಲದಲ್ಲಿ ಊರು ಬಿಡುವವರು ಗಾಡಿಯನ್ನು ಎತ್ತರದ ಓಣಿಯ ಸಂಬಂಧಿಕರ ಮನೆಯಲ್ಲಿ ಬಿಡುವುದು ಲೇಸು. ಒಂದು ಕೀಲಿ ಅವರ ಬಳಿ ಇರಲಿ.

ಗಾಡಿ ನೀರಲ್ಲಿ ಮುಳುಗಿತ್ತು ಎಂದು ಗೊತ್ತಾದರೆ ಕಿಕ್ ಹೊಡೆಯಬೇಡಿ, ಸೆಲ್ಫ್ ಒತ್ತಬೇಡಿ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ನೀರನ್ನು ಕುಗ್ಗಿಸಲಾಗದು. ಸಿಲಿಂಡರಿನೊಳಗೆ ನೀರಿದ್ದಾಗ ಪಿಸ್ಟನ್ ಒತ್ತಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಟಾರ್ಟ್ ಮಾಡದೆ ಗ್ಯಾರೇಜಿಗೆ ಸಾಗಿಸಿದರೆ ಆಯಿಲ್, ಪೆಟ್ರೋಲ್ ಬದಲಿಸಿ ಎಂಜಿನ್ ಉಳಿಸಿಕೊಳ್ಳುವ ಅವಕಾಶ ಹೆಚ್ಚು. ಎಂಜಿನ್ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಂಡರೆ ಅದರಲ್ಲಿ ನೀರು ಸೇರಿದೆ ಎಂದರ್ಥ.

ಕಾಗದ-ಪತ್ರ ಮರೆಯಬೇಡಿ

ಗಾಡಿ ನಿಂತಿದೆ, ಇನ್ಶೂರೆನ್ಸ್ ಯಾಕೆ ಎನ್ನುವವರಿದ್ದಾರೆ. ಕಳ್ಳತನ, ಬೆಂಕಿ, ಪ್ರವಾಹದ ಪರಿಹಾರ ಸಿಗುವುದು ಪೂರ್ಣ ವಿಮೆ ಜಾರಿಯಲ್ಲಿದ್ದಾಗ ಮಾತ್ರ. ಥರ್ಡ್ ಪಾರ್ಟಿ ವಿಮೆಯೊಂದರಿಂದ ನಿಮ್ಮ ಗಾಡಿಯ ನಷ್ಟಕ್ಕೆ ಪರಿಹಾರವಿಲ್ಲ. ಅವಧಿ ಮುಗಿದು 90 ದಿನದೊಳಗೆ ನವೀಕರಿಸದಿದ್ದರೆ, ಕ್ಲೇಮ್ ಮಾಡದೆ ಗಳಿಸಿದ್ದ ರಿಯಾಯಿತಿಯೂ ಹೋಗುತ್ತದೆ. ವಿಮೆಯಿಲ್ಲದ ಗಾಡಿ ರಸ್ತೆಗಿಳಿಸಿದರೆ ಮೊದಲ ಸಲಕ್ಕೇ 2,000 ರೂಪಾಯಿ ದಂಡ, ಜೈಲು ಶಿಕ್ಷೆಗೂ ಅವಕಾಶವಿದೆ. ವಿಮೆಯ ಕೊನೆಯ ದಿನಾಂಕವನ್ನು ಮೊಬೈಲಿನಲ್ಲಿ ಅಲಾರ್ಮ್ ಹಾಕಿಕೊಂಡು ಹೊರಡಿ.

ಮರಳಿ ಬಂದ ದಿನ

ಆತುರ ಬೇಡ. ಗಾಡಿಯನ್ನು ಹೊರಗೆ ತಳ್ಳಿ. ಕೆಳಗೆ ಪೆಟ್ರೋಲ್ ಅಥವಾ ಆಯಿಲ್ ಸೋರಿದ ಕಲೆ ಇದೆಯೇ ನೋಡಿ. ಇಲಿ ವಯರ್ ಕಡಿದಿದೆಯೇ, ಏರ್ ಫಿಲ್ಟರ್‌ನಲ್ಲಿ ಗೂಡು ಕಟ್ಟಿದೆಯೇ ಪರೀಕ್ಷಿಸಿ. ಕತ್ತರಿಸಿದ ವಯರ್ ಇದ್ದರೆ ಬ್ಯಾಟರಿ ಜೋಡಿಸಲೇಬೇಡಿ, ಕಿಡಿ ಹಾರುತ್ತದೆ. ಸೈಲೆನ್ಸರಿನ ಬಟ್ಟೆ ತೆಗೆಯಿರಿ. ಟ್ಯಾಂಕ್ ಮುಚ್ಚಳ ತೆರೆದು ಮೂಸಿ. ಪೆಟ್ರೋಲ್ ವಾಸನೆಯ ಬದಲು ವಾರ್ನಿಶ್‌ನಂಥ ಹುಳಿ ವಾಸನೆ ಬಂದರೆ ಅದನ್ನು ತೆಗೆಸಿ ಹೊಸದು ಹಾಕಿಸಿ. ನೋಡಲು ಬೆಂಕಿಕಡ್ಡಿ ಗೀರಬೇಡಿ, ಮೊಬೈಲ್ ಟಾರ್ಚ್ ಬಳಸಿ. ಟೈರಿಗೆ ಗಾಳಿ ತುಂಬಿಸಿ. ಸ್ಟಾರ್ಟ್ ಆದ ಮೇಲೆ ಓಣಿಯಲ್ಲೇ ನಿಧಾನವಾಗಿ ಹೋಗಿ ಎರಡೂ ಬ್ರೇಕ್ ಹಿಡಿದು ನೋಡಿ. ಆಮೇಲೆ ರಸ್ತೆಗಿಳಿಯಿರಿ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

• ಬಿಸಿಲಿಗೆ ಟ್ಯಾಂಕ್ ತಾನಾಗಿ ಸ್ಫೋಟವಾಗದು. ಒಲೆಯ ಹತ್ತಿರ ನಿಲ್ಲಿಸಿದ ಗಾಡಿಯಿಂದ ಬೆಂಕಿ ಏಳಬಹುದು.
• ಮುಚ್ಚಿದ ಕೋಣೆಯಲ್ಲಿ ಎಂಜಿನ್ ಸ್ಟಾರ್ಟ್ ಮಾಡಬೇಡಿ. ಹೊರಗೆ ತಳ್ಳಿ, ಆಮೇಲೆ ಸ್ಟಾರ್ಟ್ ಮಾಡಿ.
• ಕೊಟ್ಟಿಗೆ, ಗೊಬ್ಬರ, ಬಣವೆಯಿಂದ ಗಾಡಿ ದೂರ ಇರಲಿ.
• ಪ್ಲಾಸ್ಟಿಕ್ ಬೇಡ, ಹಳೆಯ ಹತ್ತಿ ಸೀರೆ ಸಾಕು.
• ಬ್ಯಾಟರಿಯ ಮೈನಸ್ ವಯರ್ ಬಿಚ್ಚಿಡಿ.
• ನೀರಲ್ಲಿ ಮುಳುಗಿದ ಗಾಡಿಗೆ ಕಿಕ್ ಹೊಡೆಯಬೇಡಿ.
• ಇನ್ಶೂರೆನ್ಸ್ ತಪ್ಪಿಸಬೇಡಿ.

ಈ ಪಟ್ಟಿಯ ಮೊದಲ ಎರಡು ಸಾಲು ಗಾಡಿಗಿಂತ ಜೀವಕ್ಕೆ ಸಂಬಂಧಿಸಿದ್ದು. ಊರಲ್ಲಿ ಉಳಿಯುವ ಹಿರಿಯರಿಗೆ ಮೊಬೈಲ್ ಓದಲು ಬಾರದಿದ್ದರೆ, ಹೊರಡುವ ಮುನ್ನ ಬಾಯಿಮಾತಲ್ಲೇ ಹೇಳಿ ಹೋಗಿ.